ಜೋಡಿ, ಪಟ್ಟು, ಒಡೆತನ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪರಿಸರದ ಕುಸ್ತಿ ನೋಡುಗರ ಚರ್ಚಾ ಪರಂಪರೆ

ಜನಪದ ಕ್ರೀಡೆಗಳನ್ನು ಕುರಿತ ಕನ್ನಡದ ಅಧ್ಯಯನಗಳು ಬಹುಮಟ್ಟಿಗೆ ಆಟದ ವಿಧಾನ, ಆಟಗಾರರ ಸಂಖ್ಯೆ, ಬಳಸುವ ಸಲಕರಣೆ, ಆಡುವ ಕಾಲ ಹಾಗೂ ಆಟದೊಂದಿಗೆ ಬೆರೆತ ಆಚರಣೆಗಳ ವಿವರಣೆಗೆ ಒತ್ತು ಕೊಟ್ಟಿವೆ. ಆಟವನ್ನು ನೋಡುವವರು ಆಡುವ ಮಾತು ಈ ವಿವರಣೆಯ ಹೊರಗೇ ಉಳಿದಿದೆ. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಅವರು ೧೯೬೬ರಲ್ಲಿ, ಜನಪದ ಪಠ್ಯವನ್ನು ಸಂಗ್ರಹಿಸಿದರಷ್ಟೇ ಸಾಲದು, ಆ ಪಠ್ಯವನ್ನು ಕುರಿತು ಜನಪದರೇ ಹೇಳುವ ಮೌಖಿಕ ವಿಮರ್ಶೆಯನ್ನೂ ಸಂಗ್ರಹಿಸಬೇಕು ಎಂದು ವಾದಿಸಿದ್ದರು. ಕಥೆ, ಹಾಡುಗಳಿಗೆ ಅನ್ವಯವಾಗುವ ಈ ಮಾತು ಆಟಕ್ಕೂ ಅನ್ವಯವಾಗುತ್ತದೆ. ಕುಸ್ತಿ ಕಣದ ಸುತ್ತ ಕುಳಿತವರ ವಾದವಿವಾದವು ಆ ಆಟದ ಮೌಖಿಕ ವಿಮರ್ಶೆಯೇ ಆಗಿದೆ.

ಕ್ರೀಡಾಭಿಮಾನಿಗಳ ಚರ್ಚೆ ಎಂದೊಡನೆ ಇಂದಿನ ಓದುಗರಿಗೆ ಫುಟ್‌ಬಾಲ್ ನೆನಪಾಗುವುದು ಸಹಜ. ಯಾವ ತಂತ್ರದಿಂದ ಆಡಬೇಕು, ತಂಡದಲ್ಲಿ ಯಾರಿರಬೇಕು, ಕ್ಲಬ್ಬು ಯಾರಿಗೆ ಸೇರಿದ್ದು ಎಂಬ ಮೂರು ಪ್ರಶ್ನೆಗಳ ಸುತ್ತ ಆ ಚರ್ಚೆ ನಡೆಯುತ್ತದೆ. ೧೮೮೯ರಲ್ಲಿ ಸ್ಥಾಪನೆಯಾದ ಕೋಲ್ಕತ್ತದ ಮೋಹನ್ ಬಗಾನ್ ಕ್ಲಬ್ಬಿನ ಫುಟ್‌ಬಾಲ್ ತಂಡವು ೨೦೨೦ರಲ್ಲಿ ಎಟಿಕೆ ತಂಡದೊಂದಿಗೆ ವಿಲೀನಗೊಂಡು ಎರಡರ ಹೆಸರನ್ನೂ ಹೊತ್ತಾಗ, ಎಟಿಕೆ ಎಂಬ ಹೆಸರನ್ನು ತೆಗೆಯಬೇಕೆಂದು ಅಭಿಮಾನಿಗಳು ಪಟ್ಟು ಹಿಡಿದರು. ೨೦೨೩ರ ಮಾರ್ಚಿನಲ್ಲಿ ಬೆಂಗಳೂರು ಎಫ್‌ಸಿ ತಂಡವನ್ನು ಮಣಿಸಿ ಪ್ರಶಸ್ತಿ ಗೆದ್ದ ಸಂದರ್ಭದಲ್ಲಿ ಮಾಲೀಕರು ಆ ಹೆಸರನ್ನು ಕೈಬಿಡುವುದಾಗಿ ಘೋಷಿಸಬೇಕಾಯಿತು. ಹಣ ಹೂಡಿದವರಿಗೆ ತಂಡ ಸೇರಿದ್ದೋ, ಪೀಳಿಗೆಗಳಿಂದ ನೋಡುತ್ತ ಬಂದವರಿಗೆ ಸೇರಿದ್ದೋ ಎಂಬ ಜಗಳ ಅದು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪರಿಸರದಲ್ಲಿ ಇದೇ ಮೂರು ಪ್ರಶ್ನೆಗಳು ಬಹುಕಾಲದಿಂದ ಕುಸ್ತಿಯ ಕಣದಲ್ಲಿ ಕೇಳಿಬರುತ್ತಿವೆ. ಅಲ್ಲಿ ಅವುಗಳಿಗೆ ದೇಸಿ ಹೆಸರುಗಳಿವೆ: ಪಟ್ಟು, ಜೋಡಿ ಮತ್ತು ಯಾರ ಪೈಲವಾನ ಎಂಬ ವಿಚಾರಣೆ. ಈ ಮಾತುಗಳು ಆಟವನ್ನು ಹೇಗೆ ನಿಯಂತ್ರಿಸುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಪ್ರದೇಶ ಮತ್ತು ಹಿನ್ನೆಲೆ

ಕಿತ್ತೂರು ಮಲೆನಾಡಿನ ಸೆರಗಿಗೆ ಹತ್ತಿರವಿದ್ದರೆ, ಸವದತ್ತಿ ಮತ್ತು ರಾಮದುರ್ಗಗಳು ಮಲಪ್ರಭೆಯ ಬಯಲುಸೀಮೆಗೆ ಸೇರಿವೆ. ನಡುವೆ ಬೈಲಹೊಂಗಲದ ಜೋಳ, ಹತ್ತಿಯ ಹೊಲಗಳಿವೆ. ಈ ಪ್ರದೇಶದ ಚರಿತ್ರೆಯಲ್ಲಿ ದೇಹಬಲದ ಸ್ಮೃತಿ ದಟ್ಟವಾಗಿದೆ. ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರಿನ ಕೋಟೆಯೆದುರು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಹತನಾದನು. ಸೆರೆಯಾದ ರಾಣಿ ಚನ್ನಮ್ಮ ೧೮೨೯ರಲ್ಲಿ ಬೈಲಹೊಂಗಲದಲ್ಲಿ ನಿಧನಳಾದಳು. ಅವಳ ಸಮಾಧಿ ಅಲ್ಲಿಯೇ ಇದೆ. ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಊರು ಸಂಗೊಳ್ಳಿಯಲ್ಲಿ, ಅವನು ಸಾಮು ಮಾಡಿದ್ದೆಂದು ಜನ ನಂಬುವ ಗರಡಿಮನೆಯ ಸ್ಥಳವನ್ನು ಇಂದಿಗೂ ತೋರಿಸುತ್ತಾರೆ.

ಕುಸ್ತಿಯ ಶಾಸ್ತ್ರೀಯ ಚರ್ಚೆಯೂ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸುವುದು, ಅವರ ಆಹಾರ, ಸಾಧನೆ, ಪಟ್ಟುಗಳು ಮೊದಲಾದ ಸಂಗತಿಗಳು ಅಲ್ಲಿ ಬರುತ್ತವೆ. ಯಾರನ್ನು ಯಾರೆದುರು ನಿಲ್ಲಿಸಬೇಕು ಎಂಬ ವಿವೇಚನೆಗೆ ಅಂಥ ವರ್ಗೀಕರಣವೇ ಆಧಾರ. ಅರಮನೆಯಲ್ಲಿ ಅರಸ ಮಾಡುತ್ತಿದ್ದ ಈ ವಿವೇಚನೆಯನ್ನು ಜಾತ್ರೆಯ ಕಣದಲ್ಲಿ ಜನ ಮಾಡುತ್ತಾರೆ ಎಂಬುದು ಗಮನಾರ್ಹ ವ್ಯತ್ಯಾಸ.

ಈ ಭಾಗದ ಕುಸ್ತಿಯ ಪರಿಭಾಷೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಬೆರೆತಿವೆ. ಗರಡಿಮನೆ, ಸಾಮು, ಪಟ್ಟು, ವರಸೆ ಎಂಬ ಪದಗಳೊಂದಿಗೆ ತಾಲೀಮು, ವಸ್ತಾದ, ಪೈಲವಾನ, ಡಾವು, ಬರಾಬರಿ, ಚಿತ್ತು ಎಂಬ ಪದಗಳು ಸಹಜವಾಗಿ ಬಳಕೆಯಾಗುತ್ತವೆ. ಸುಗ್ಗಿ ಮುಗಿದ ಮೇಲೆ ನಡೆಯುವ ಊರ ಜಾತ್ರೆಗಳೇ ಕುಸ್ತಿಯ ಮುಖ್ಯ ಸಂದರ್ಭ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹದಗೊಳಿಸುತ್ತಾರೆ. ಎರೆ ಹೊಲಗಳೇ ಹೆಚ್ಚಾಗಿರುವ ಊರುಗಳವರು ಈ ಮಣ್ಣನ್ನು ಬೇರೆಡೆಯಿಂದ ತರಿಸಬೇಕು. ಅಂದರೆ ಕಣ ಸಿದ್ಧವಾಗುವುದೇ ಊರವರ ದುಡಿಮೆ ಮತ್ತು ವಂತಿಗೆಯಿಂದ. ನೋಡುಗರ ಮಾತಿನ ಅಧಿಕಾರದ ಬೇರು ಇಲ್ಲಿದೆ.

೨. ಜೋಡಿ: ಆಯ್ಕೆಯ ಚರ್ಚೆ

ತಂಡದ ಆಟದಲ್ಲಿ ಆಯ್ಕೆಯೆಂದರೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬುದು. ಕುಸ್ತಿಯಲ್ಲಿ ಆಯ್ಕೆಯೆಂದರೆ ಜೋಡಿ ಹಚ್ಚುವುದು. ದೊಡ್ಡ ಕುಸ್ತಿಗಳ ಜೋಡಿಗಳು ಮೊದಲೇ ನಿಶ್ಚಯವಾಗಿ, ‘ಜಂಗಿ ನಿಕಾಲಿ ಕುಸ್ತಿಗಳು’ ಎಂಬ ತಲೆಬರಹದ ಕರಪತ್ರಗಳಲ್ಲಿ ಅಚ್ಚಾಗುತ್ತವೆ. ನಿಕಾಲಿ ಎಂದರೆ ಸೋಲುಗೆಲುವು ತೀರ್ಮಾನವಾಗುವವರೆಗೆ ನಡೆಯುವ ಕುಸ್ತಿ. ಸಣ್ಣ ಕುಸ್ತಿಗಳ ಜೋಡಿ ಮಾತ್ರ ಕಣದಲ್ಲಿಯೇ ಆಗಬೇಕು. ಲಂಗೋಟ ಕಟ್ಟಿದ ಹುಡುಗ ಕೈ ಮೇಲೆತ್ತಿ ಕಣದ ಸುತ್ತ ಒಂದು ಸುತ್ತು ಹಾಕುತ್ತಾನೆ. ಇವನೆದುರು ಹಿಡಿಯುವವರು ಯಾರು ಎಂಬ ಆಹ್ವಾನವದು. ಮತ್ತೊಬ್ಬ ಎದ್ದುಬಂದಾಗ ಪಂಚರು ಇಬ್ಬರನ್ನೂ ಎದುರು ಬದುರು ನಿಲ್ಲಿಸಿ, ಎತ್ತರ, ಕುತ್ತಿಗೆ, ತೊಡೆ, ಮುಂಗೈಗಳನ್ನು ನೋಡಿ, ಯಾವ ಊರು, ಯಾವ ತಾಲೀಮು, ಎಷ್ಟು ದಿನದ ಸಾಮು ಎಂದು ಕೇಳಿ ಕೈಗೆ ಕೈ ಕೂಡಿಸುತ್ತಾರೆ.

ಕೈ ಕೂಡಿದ ಮಾತ್ರಕ್ಕೆ ಜೋಡಿ ಸಿದ್ಧವಾಗುವುದಿಲ್ಲ. ಕಣದ ಅಂಚಿನಿಂದ ಒಪ್ಪಿಗೆ ಬರಬೇಕು. ‘ಜೋಡಿ ಬರಾಬರಿ ಇಲ್ಲ’, ‘ಹುಡುಗ ಇನ್ನಾ ಹಸಿ ಅದಾನ’, ‘ಆಂವಗ ದಮ್ಮ ಐತಿ, ಇಂವಗ ಇಲ್ಲ’ ಎಂಬ ಮಾತುಗಳು ಏಳುತ್ತವೆ. ಇವು ಕೇವಲ ಕೂಗಾಟವಲ್ಲ. ಪ್ರತಿಯೊಂದು ಆಕ್ಷೇಪಣೆಯ ಹಿಂದೆ ಒಂದು ಮಾನದಂಡವಿದೆ. ಮೊದಲನೆಯದು ತೂಕ ಮತ್ತು ಮೈಕಟ್ಟನ್ನು, ಎರಡನೆಯದು ವಯಸ್ಸು ಮತ್ತು ಎಲುಬಿನ ಬಲಿತವನ್ನು, ಮೂರನೆಯದು ಸಾಧನೆಯ ಅವಧಿಯನ್ನು ಕುರಿತದ್ದು. ತಕ್ಕಡಿಯಿಲ್ಲದ ಕಣದಲ್ಲಿ ನೂರಾರು ಅನುಭವಿ ಕಣ್ಣುಗಳೇ ತಕ್ಕಡಿ. ಆಕ್ಷೇಪ ಬಲವಾದರೆ ಪಂಚರು ಜೋಡಿ ಮುರಿದು ಬೇರೆ ಜೋಡಿ ಹಚ್ಚುತ್ತಾರೆ.

ಈ ಚರ್ಚೆಗೆ ಒಂದು ಪ್ರಾಯೋಗಿಕ ಕಾರಣವಿದೆ. ನಿಕಾಲಿ ಕುಸ್ತಿಯಲ್ಲಿ ತೂಕದ ವರ್ಗಗಳಿಲ್ಲ, ಬಹುಕಾಲ ಸಮಯದ ಮಿತಿಯೂ ಇರಲಿಲ್ಲ. ಕುತ್ತಿಗೆ, ಭುಜ, ಮೊಣಕಾಲುಗಳಿಗೆ ಪೆಟ್ಟಾಗುವ ಅಪಾಯ ಸದಾ ಇರುತ್ತದೆ. ಅಸಮ ಜೋಡಿಯ ಪರಿಣಾಮವನ್ನು ಅನುಭವಿಸುವವನು ಬಡ ರೈತನ ಮಗ. ಅವನ ಕೈ ಮುರಿದರೆ ಮುಂದಿನ ಹಂಗಾಮಿನ ದುಡಿಮೆ ನಿಲ್ಲುತ್ತದೆ. ಆದ್ದರಿಂದ ಜೋಡಿಯ ಬಗೆಗಿನ ಜಗಳವನ್ನು ಸುರಕ್ಷತೆಯ ಜನಪದ ವ್ಯವಸ್ಥೆಯೆಂದೂ ಕಾಣಬೇಕಾಗುತ್ತದೆ. ತೆಂಗಿನಕಾಯಿ, ರುಮಾಲು ಗೆಲ್ಲುವ ಚಿಕ್ಕ ಹುಡುಗರ ಕುಸ್ತಿಯಿಂದ ಬೆಳ್ಳಿ ಕಡಗದ ಕುಸ್ತಿಯವರೆಗೆ ಈ ಎಚ್ಚರ ಹರಡಿಕೊಂಡಿದೆ.

೩. ಪಟ್ಟು: ತಂತ್ರದ ಚರ್ಚೆ

ಕುಸ್ತಿ ಆರಂಭವಾದ ಮೇಲೆ ಚರ್ಚೆಯ ವಸ್ತು ಬದಲಾಗುತ್ತದೆ. ಢಾಕ್, ಘಿಸ್ಸಾ, ಕಲಾಜಂಗ್, ಧೋಬಿ ಪಛಾಡ್ ಮೊದಲಾದ ಪಟ್ಟುಗಳ ಹೆಸರುಗಳು ನೋಡುಗರ ಬಾಯಲ್ಲಿ ಸರಾಗವಾಗಿ ಬರುತ್ತವೆ. ಎದುರಾಳಿಯ ಮೇಲ್ಭಾಗವನ್ನು ಹಿಡಿದು ಸೊಂಟ ತಿರುಗಿಸಿ ಕಾಲಡ್ಡ ಕೊಟ್ಟು ಕೆಡಹುವುದು ಢಾಕ್. ಕೆಳಗೆ ಬಿದ್ದವನ ಸೊಂಟಪಟ್ಟಿಗೆ ಕೈಹಾಕಿ ಹೊರಳಿಸುವುದು ಘಿಸ್ಸಾ. ಎದುರಾಳಿಯ ಕೆಳಗೆ ನುಗ್ಗಿ ಅವನನ್ನು ಹೆಗಲ ಮೇಲೆ ಹೊತ್ತು ಒಗೆಯುವುದು ಕಲಾಜಂಗ್. ಅಗಸ ಬಟ್ಟೆ ಒಗೆಯುವಂತೆ ಹೆಗಲ ಮೇಲಿಂದ ಎಳೆದು ಬಡಿಯುವುದು ಧೋಬಿ ಪಛಾಡ್. ಪ್ರತಿ ಪಟ್ಟಿಗೂ ಪ್ರತಿಪಟ್ಟುಂಟು. ಯಾವ ಪಟ್ಟನ್ನು ಯಾವಾಗ ಹಾಕಬೇಕಿತ್ತು, ಯಾಕೆ ಹಾಕಲಿಲ್ಲ ಎಂಬುದು ಜಾತ್ರೆ ಮುಗಿದು ವಾರ ಕಳೆದರೂ ಹೋಟೆಲು, ಕ್ಷೌರದಂಗಡಿ, ಗುಡಿಯ ಕಟ್ಟೆಗಳಲ್ಲಿ ಮುಂದುವರಿಯುವ ವಿಷಯ.

ತಂತ್ರದ ವಿಮರ್ಶೆಯಲ್ಲಿ ನೋಡುಗರು ಸಾಮಾನ್ಯವಾಗಿ ಎರಡು ಪಕ್ಷವಾಗುತ್ತಾರೆ. ಬೇಗ ನುಗ್ಗಿ ಪಟ್ಟು ಹಾಕುವವನನ್ನು ಮೆಚ್ಚುವವರದು ಒಂದು ಪಕ್ಷ. ಎದುರಾಳಿಯನ್ನು ದಣಿಸಿ, ಅವನ ಉಸಿರು ಕುಂದಿದ ಮೇಲೆ ಕೈಹಾಕುವವನನ್ನು ಮೆಚ್ಚುವವರದು ಇನ್ನೊಂದು. ಮೊದಲನೆಯವರ ದೃಷ್ಟಿಯಲ್ಲಿ ಎರಡನೆಯವನು ಕುಸ್ತಿ ಎಳೆಯುತ್ತಾನೆ. ಎರಡನೆಯವರ ದೃಷ್ಟಿಯಲ್ಲಿ ಮೊದಲನೆಯವನಿಗೆ ತಾಳ್ಮೆಯಿಲ್ಲ. ಈ ಭಿನ್ನಾಭಿಪ್ರಾಯದ ಹಿಂದೆ ವಸ್ತಾದರ ಪಾಠಕ್ರಮದ ಭೇದವಿರುತ್ತದೆ. ಆದುದರಿಂದ ಒಬ್ಬ ಪೈಲವಾನನ ತಂತ್ರವನ್ನು ಟೀಕಿಸುವುದೆಂದರೆ ಅವನ ತಾಲೀಮನ್ನೇ ಟೀಕಿಸಿದಂತೆ.

ಕಣದ ಈ ಮಾತು ದಿನಬಳಕೆಯ ಕನ್ನಡವನ್ನೂ ರೂಪಿಸಿದೆ. ಪಟ್ಟು ಹಿಡಿಯುವುದು, ತೊಡೆ ತಟ್ಟುವುದು, ಸೆಡ್ಡು ಹೊಡೆಯುವುದು, ವರಸೆ ಬದಲಿಸುವುದು, ಅಖಾಡಕ್ಕೆ ಇಳಿಯುವುದು, ಮಣ್ಣು ಮುಕ್ಕಿಸುವುದು ಮುಂತಾದ ನುಡಿಗಟ್ಟುಗಳು ರಾಜಕಾರಣದ ವರದಿಯಿಂದ ಗಂಡಹೆಂಡಿರ ಜಗಳದವರೆಗೆ ಬಳಕೆಯಾಗುತ್ತವೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಪ್ರಸಿದ್ಧ ಗಾದೆಯನ್ನು ಸಾಮಾನ್ಯವಾಗಿ ಸೋತವನ ಜಂಭದ ವ್ಯಂಗ್ಯವೆಂದು ಅರ್ಥೈಸಲಾಗುತ್ತದೆ. ಆದರೆ ಅದರ ಹುಟ್ಟು ತೀರ್ಪಿನ ವಿವಾದದಲ್ಲಿದೆ ಎಂದು ಊಹಿಸಲು ಅವಕಾಶವಿದೆ. ಬೆನ್ನು ನೆಲಕ್ಕೆ ತಾಗಿತೇ ಇಲ್ಲವೇ, ಎರಡೂ ಭುಜ ಕೂಡಿದವೇ ಇಲ್ಲವೇ ಎಂಬುದು ಕಣದ ನಿತ್ಯದ ಜಗಳ. ಅದನ್ನು ಮೀಸೆಗೆ ತಂದು ನಿಲ್ಲಿಸಿದ ಗಾದೆಯಲ್ಲಿ ನೋಡುಗನ ದನಿಯೇ ಕೇಳಿಸುತ್ತದೆ.

೪. ಯಾರ ಪೈಲವಾನ: ಒಡೆತನದ ಚರ್ಚೆ

ಮೂರನೆಯ ಪ್ರಶ್ನೆ ಒಡೆತನದ್ದು. ಪೈಲವಾನನ ಹಾಲು, ತುಪ್ಪ, ಬಾದಾಮಿ, ಮಾಂಸದ ಖರ್ಚನ್ನು ಸಾಮಾನ್ಯ ಕುಟುಂಬ ಹೊರಲಾರದು. ಹೀಗಾಗಿ ಅವನಿಗೆ ಸದಾ ಒಬ್ಬ ಆಶ್ರಯದಾತ ಬೇಕು. ಈ ಪರಿಸರದಲ್ಲಿ ಆಶ್ರಯದ ನಕ್ಷೆ ರಾಜಕೀಯ ನಕ್ಷೆಯಷ್ಟೇ ಹರಿದು ಹಂಚಿಹೋಗಿತ್ತು. ಬೈಲಹೊಂಗಲ ಮತ್ತು ಕಿತ್ತೂರುಗಳು ಸಂಪಗಾವಿ ತಾಲ್ಲೂಕಿನಲ್ಲಿ, ಸವದತ್ತಿ ಪರಸಗಡ ತಾಲ್ಲೂಕಿನಲ್ಲಿ ಸೇರಿ ಮುಂಬಯಿ ಇಲಾಖೆಯ ನೇರ ಆಡಳಿತದಲ್ಲಿದ್ದವು. ರಾಮದುರ್ಗ ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿದ್ದು ೧೯೪೮ರಲ್ಲಿ ವಿಲೀನವಾಯಿತು. ಇಂದು ರಾಮದುರ್ಗ ತಾಲ್ಲೂಕಿನಲ್ಲಿರುವ ತೊರಗಲ್ಲು ಶಿಂದೆ ಮನೆತನದ ಜಹಗೀರಾಗಿ ಕೊಲ್ಹಾಪುರಕ್ಕೆ ಅಧೀನವಾಗಿತ್ತು.

ಕೊಲ್ಹಾಪುರದ ಉಲ್ಲೇಖ ಇಲ್ಲಿ ಅನಿವಾರ್ಯ. ಶಾಹೂ ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯ ಮತ್ತು ೧೯೧೨ರಲ್ಲಿ ಸಿದ್ಧವಾದ ಖಾಸಬಾಗ ಮೈದಾನ ಆ ನಗರವನ್ನು ಇಡೀ ಸೀಮೆಯ ಕುಸ್ತಿಯ ರಾಜಧಾನಿಯನ್ನಾಗಿಸಿದವು. ಬೆಳಗಾವಿ ಜಿಲ್ಲೆಯ ಹುಡುಗರು ಹೆಚ್ಚಿನ ಸಾಧನೆಗೆ ಅಲ್ಲಿಗೆ ಹೋಗುವುದು ರೂಢಿಯಾಯಿತು. ಚಿಕ್ಕೋಡಿ ಸೀಮೆಯ ಎಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಕೊಲ್ಹಾಪುರದಲ್ಲಿ ಪಳಗಿ ೧೯೫೯ರಲ್ಲಿ ಹಿಂದ್ ಕೇಸರಿ ಬಿರುದು ಪಡೆದರು. ಹುಟ್ಟಿದ ನೆಲ ಕರ್ನಾಟಕಕ್ಕೆ ಸೇರಿತು, ಕೀರ್ತಿ ಕೊಲ್ಹಾಪುರಕ್ಕೆ ಸಂದಿತು. ಹುಟ್ಟಿಸಿದ ಊರು, ಕಲಿಸಿದ ತಾಲೀಮು, ಉಣಿಸಿದ ಧಣಿ ಈ ಮೂವರಲ್ಲಿ ಪೈಲವಾನ ಯಾರವನು ಎಂಬ ಪ್ರಶ್ನೆ ೧೯೫೬ರ ರಾಜ್ಯ ಪುನರ್ವಿಂಗಡಣೆಯ ನಂತರ ಮತ್ತಷ್ಟು ಜಟಿಲವಾಯಿತು.

ಸಂಸ್ಥಾನಗಳು ಹೋದ ಮೇಲೆ ಆಶ್ರಯ ನೀಡುವ ಸ್ಥಾನಕ್ಕೆ ಊರ ಪಂಚರು, ಜಾತ್ರಾ ಸಮಿತಿ, ಸಕ್ಕರೆ ಕಾರ್ಖಾನೆ, ವ್ಯಾಪಾರಿಗಳು ಮತ್ತು ರಾಜಕಾರಣಿಗಳು ಬಂದರು. ವಂತಿಗೆಯಿಂದ ನಡೆಯುವ ಕುಸ್ತಿಯಲ್ಲಿ ಲೆಕ್ಕ ಕೇಳುವ ಹಕ್ಕು ಮನೆಮನೆಗೂ ಇರುತ್ತದೆ. ಸೇರು ಜೋಳ ಕೊಟ್ಟವನೂ ನಂಬರ್ ಒಂದರ ಕುಸ್ತಿ ಯಾಕೆ ಬರಾಬರಿಯಾಯಿತು ಎಂದು ಪಂಚರನ್ನು ಪ್ರಶ್ನಿಸಬಲ್ಲ. ಬಹುಮಾನದ ಮೊತ್ತವನ್ನು ಒಬ್ಬನೇ ದಾನಿ ಕೊಟ್ಟಾಗ ಈ ಪ್ರಶ್ನೆ ಮೆತ್ತಗಾಗುತ್ತದೆ. ಕರಪತ್ರದಲ್ಲಿ ಪೈಲವಾನರ ಹೆಸರಿಗಿಂತ ದಾನಿಯ ಭಾವಚಿತ್ರ ದೊಡ್ಡದಾಗುತ್ತದೆ. ದೂರದಿಂದ ಕರೆಸಿದ ಹೆಸರುವಾಸಿ ಜೋಡಿ ಕೈ ಕೈ ಹಿಡಿದು ಹೊತ್ತು ಕಳೆದು ಬರಾಬರಿ ಮಾಡಿಕೊಂಡರೆ, ‘ಒಳಒಪ್ಪಂದದ ಕುಸ್ತಿ’ ಎಂಬ ಗುಮಾನಿ ಏಳುತ್ತದೆ. ಈ ಗುಮಾನಿ ಎಲ್ಲ ಸಲವೂ ನಿಜವಾಗಬೇಕೆಂದಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಆಡುವ ಸ್ವಾತಂತ್ರ್ಯ ಇರುವವರೆಗೆ ಕಣದ ಶಿಸ್ತು ಉಳಿಯುತ್ತದೆ.

೫. ಕಣದಿಂದ ಕಚೇರಿಗೆ

ಮಣ್ಣಿನಿಂದ ಮ್ಯಾಟಿಗೆ ಕುಸ್ತಿ ಸಾಗಿದಾಗ ಈ ಮೂರೂ ಚರ್ಚೆಗಳ ಸ್ವರೂಪ ಬದಲಾಯಿತು. ತೂಕದ ವರ್ಗಗಳು ಜೋಡಿಯ ಜಗಳವನ್ನು ನಿವಾರಿಸಿದವು. ಮೂರು ಮೂರು ನಿಮಿಷದ ಎರಡು ಸುತ್ತು ಮತ್ತು ಅಂಕಗಳ ಪದ್ಧತಿ ಬಂದು, ದಣಿಸಿ ಗೆಲ್ಲುವ ತಂತ್ರಕ್ಕೆ ಎಡೆ ಕಡಿಮೆಯಾಯಿತು. ಕಾಲಿಗೆ ಬೇಗ ಕೈಹಾಕುವವನಿಗೆ ಅನುಕೂಲವಾಯಿತು. ಇವು ಆಟಗಾರನ ದೇಹಕ್ಕೆ ಹಿತವಾದ ಸುಧಾರಣೆಗಳೆಂಬುದರಲ್ಲಿ ಸಂದೇಹವಿಲ್ಲ. ದಾವಣಗೆರೆ, ಧಾರವಾಡಗಳಂಥ ಕ್ರೀಡಾನಿಲಯಗಳು ಬಡ ಹುಡುಗರ ಊಟ, ಓದು, ಸಾಧನೆಗಳ ಹೊಣೆ ಹೊತ್ತು ಧಣಿಯ ಹಂಗನ್ನು ತಪ್ಪಿಸಿದವು. ಆದರೆ ಆಯ್ಕೆಯ ತೀರ್ಮಾನ ಕಣದ ಬಯಲಿನಿಂದ ಸಮಿತಿಯ ಕೋಣೆಗೆ ಹೋಯಿತು. ಅಲ್ಲಿ ನೋಡುಗನಿಗೆ ಪ್ರವೇಶವಿಲ್ಲ.

ಇದರ ಪರಿಣಾಮವನ್ನು ಭಾರತೀಯ ಕುಸ್ತಿಯ ಚರಿತ್ರೆಯೇ ಹೇಳುತ್ತದೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವ ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ವಿಜೇತರಾದರು. ಅವರನ್ನು ಮೊದಲು ಆಯ್ಕೆಯಲ್ಲಿ ಕೈಬಿಡಲಾಗಿತ್ತೆಂದೂ, ಅವರು ಪಟಿಯಾಲದ ಮಹಾರಾಜರಲ್ಲಿ ಮೊರೆಯಿಟ್ಟ ಮೇಲೆ ಮತ್ತೆ ಕುಸ್ತಿ ನಡೆದು ಗೆದ್ದರೆಂದೂ ಪ್ರಸಿದ್ಧವಾಗಿದೆ. ಪ್ರಯಾಣದ ಹಣಕ್ಕೆ ಪ್ರಾಂಶುಪಾಲ ಖರ್ಡೇಕರ ಅವರು ತಮ್ಮ ಮನೆಯನ್ನೇ ಏಳು ಸಾವಿರ ರೂಪಾಯಿಗೆ ಒತ್ತೆಯಿಟ್ಟರು. ಸಮಿತಿಯ ತೀರ್ಪನ್ನು ತಿದ್ದಿದ್ದು ಮರುಕುಸ್ತಿ, ಅಂದರೆ ಕಣದ ಹಳೆಯ ನ್ಯಾಯವೇ.

೨೦೧೬ರ ರಿಯೋ ಒಲಿಂಪಿಕ್ಸ್‌ಗೆ ಮುನ್ನ ೭೪ ಕಿಲೋ ವರ್ಗದಲ್ಲಿ ಇಂಥದೇ ಪ್ರಶ್ನೆ ಎದ್ದಿತು. ೨೦೧೫ರ ವಿಶ್ವ ಸ್ಪರ್ಧೆಯಲ್ಲಿ ಕಂಚು ಗೆದ್ದು ದೇಶಕ್ಕೆ ಸ್ಥಾನ ದೊರಕಿಸಿದ ನರಸಿಂಗ್ ಯಾದವ್ ಹೋಗಬೇಕೋ, ಎರಡು ಒಲಿಂಪಿಕ್ ಪದಕಗಳ ಸುಶೀಲ್ ಕುಮಾರ್ ಕೇಳಿದಂತೆ ಇಬ್ಬರ ನಡುವೆ ಕುಸ್ತಿ ಹಚ್ಚಬೇಕೋ ಎಂಬುದು ವಿವಾದ. ಸುಶೀಲ್ ಅವರ ಅರ್ಜಿಯನ್ನು ೨೦೧೬ರ ಜೂನ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ವಜಾಗೊಳಿಸಿತು. ೨೦೨೩ರ ಜುಲೈಯಲ್ಲಿ ವಿನೇಶ್ ಫೋಗಟ್ ಮತ್ತು ಬಜರಂಗ್ ಪೂನಿಯಾ ಅವರಿಗೆ ಏಷ್ಯನ್ ಕ್ರೀಡಾಕೂಟದ ಆಯ್ಕೆ ಕುಸ್ತಿಯಿಂದ ವಿನಾಯಿತಿ ಕೊಟ್ಟಾಗ, ಕಿರಿಯ ಪಟು ಅಂತಿಮ್ ಪಂಘಾಲ್ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಆ ಅರ್ಜಿಯೂ ವಜಾ ಆಯಿತು. ಗಾಯದಿಂದ ವಿನೇಶ್ ಹಿಂದೆ ಸರಿದ ಕಾರಣ ಅಂತಿಮ್‌ಗೆ ಅವಕಾಶ ದೊರೆತು, ಅವರು ಹಾಂಗ್‌ಝೌನಲ್ಲಿ ಕಂಚು ಗೆದ್ದರು. ಅದೇ ವರ್ಷದ ಜನವರಿಯಿಂದ ಒಕ್ಕೂಟದ ಅಧ್ಯಕ್ಷರ ವಿರುದ್ಧ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಕುಸ್ತಿಪಟುಗಳು ದೆಹಲಿಯಲ್ಲಿ ಧರಣಿ ನಡೆಸಿದ್ದರು. ಕುಸ್ತಿ ಯಾರದು ಎಂಬ ಪ್ರಶ್ನೆಯನ್ನು ಅಲ್ಲಿ ಆಟಗಾರ್ತಿಯರೇ ಎತ್ತಿದರು. ಈ ಎಲ್ಲ ಪ್ರಕರಣಗಳಲ್ಲಿ ತಪ್ಪುಸರಿಗಳ ನಿರ್ಣಯ ಇಲ್ಲಿ ಪ್ರಸ್ತುತವಲ್ಲ. ಕಣದ ಅಂಚಿನಲ್ಲಿ ಕೆಲವು ನಿಮಿಷಗಳಲ್ಲಿ ಇತ್ಯರ್ಥವಾಗುತ್ತಿದ್ದ ಜೋಡಿಯ ಜಗಳ ನ್ಯಾಯಾಲಯದ ಮೆಟ್ಟಿಲೇರಿದೆ ಎಂಬುದಷ್ಟೇ ಜಾನಪದ ಅಧ್ಯಯನದ ದೃಷ್ಟಿಯಿಂದ ಮುಖ್ಯ.

೬. ಚರ್ಚೆಯ ಮಿತಿಗಳು

ಕಣದ ಸುತ್ತಲಿನ ಮಾತನ್ನು ಆದರ್ಶೀಕರಿಸುವಂತಿಲ್ಲ. ಅಲ್ಲಿ ಎಲ್ಲರ ದನಿಗೂ ಸಮಾನ ತೂಕವಿರಲಿಲ್ಲ. ಊರ ಗೌಡ, ಹಳೆಯ ಪೈಲವಾನ, ಹೆಚ್ಚು ವಂತಿಗೆ ಕೊಟ್ಟವನು ಇವರ ಮಾತು ಮೇಲಾಗುತ್ತಿತ್ತು. ಹಲಗೆ ಬಾರಿಸಿ ಕಣಕ್ಕೆ ಜೀವ ತುಂಬುವವರ ಅಭಿಪ್ರಾಯ ಕೇಳುವ ಪದ್ಧತಿ ಇರಲಿಲ್ಲ. ಅವರ ಕೈಯ ಗತ್ತು ಬದಲಾದಾಗಲೇ ಅವರ ವಿಮರ್ಶೆ ತಿಳಿಯಬೇಕು. ಸ್ತ್ರೀಯರಂತೂ ಪೂರ್ತಿ ಹೊರಗಿದ್ದರು. ಚನ್ನಮ್ಮನ ಕಿತ್ತೂರು, ಮಲ್ಲಮ್ಮನ ಬೆಳವಡಿ ಎರಡೂ ಇದೇ ನೆಲದಲ್ಲಿದ್ದರೂ ಗರಡಿಯ ಹೊಸ್ತಿಲು ಅವರಿಗೆ ತೆರೆದಿರಲಿಲ್ಲ. ಮೈಸೂರು ದಸರಾ ಕುಸ್ತಿಯಲ್ಲಿ ಮಹಿಳೆಯರಿಗೆಂದೇ ದಸರಾ ಕಿಶೋರಿ ಎಂಬ ಬಿರುದು ಬಂದಿರುವುದು, ಹೊಸ ತಲೆಮಾರಿನ ಹುಡುಗಿಯರು ಮ್ಯಾಟಿನ ಮೂಲಕ ಈ ಆಟಕ್ಕೆ ಬಂದಿರುವುದು ಹಳೆಯ ಕಣ ಕೊಡಲಾರದ ಅವಕಾಶಗಳು. ಕಚೇರಿಯ ಕುಸ್ತಿ ಕಳೆದದ್ದೆಷ್ಟೋ ಕೂಡಿಸಿದ್ದೂ ಅಷ್ಟಿದೆ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ನೋಡುಗರ ಚರ್ಚೆ ಜನಪದ ಕುಸ್ತಿಯ ಅಂಗವೇ ಹೊರತು ಅದರ ಹೊರಗಿನ ಗದ್ದಲವಲ್ಲ. ಎರಡು, ಜೋಡಿ, ಪಟ್ಟು, ಒಡೆತನ ಈ ಮೂರನ್ನೂ ಪ್ರಶ್ನಿಸುವ ಹಕ್ಕು ವಂತಿಗೆ ಮತ್ತು ಶ್ರಮದ ಪಾಲುಗಾರಿಕೆಯಿಂದ ಬಂದದ್ದು; ಪಾಲುಗಾರಿಕೆ ಕುಗ್ಗಿದಂತೆ ಹಕ್ಕೂ ಕುಗ್ಗುತ್ತದೆ. ಮೂರು, ಆಯ್ಕೆ ಬಯಲಿನಲ್ಲಿ ನಡೆದಾಗ ಸೋತವನಿಗೂ ಸೋಲಿನ ಕಾರಣ ಕಾಣುತ್ತದೆ. ಕೋಣೆಯಲ್ಲಿ ನಡೆದಾಗ ಗೆದ್ದವನ ಮೇಲೂ ಗುಮಾನಿ ಉಳಿಯುತ್ತದೆ.

ಪ್ರತಿವರ್ಷ ಅಕ್ಟೋಬರಿನಲ್ಲಿ ನಡೆಯುವ ಕಿತ್ತೂರು ಉತ್ಸವದಲ್ಲಿ ಕುಸ್ತಿ ಪಂದ್ಯಗಳು ಏರ್ಪಡುತ್ತವೆ. ಸರ್ಕಾರಿ ಉತ್ಸವ ಮತ್ತು ಊರ ಜಾತ್ರೆಗಳೆರಡರ ಲಕ್ಷಣವೂ ಕೂಡುವ ಅಂಥ ಸಂದರ್ಭ ಈ ಅಧ್ಯಯನಕ್ಕೆ ಪ್ರಶಸ್ತವಾದುದು. ಪಟ್ಟುಗಳ ಹೆಸರು, ಪಂಚರು ಜೋಡಿ ಹಚ್ಚುವಾಗ ಕೇಳುವ ಪ್ರಶ್ನೆ, ಅಂಚಿನಿಂದ ಬರುವ ಆಕ್ಷೇಪ, ಹಲಗೆಯ ಗತ್ತುಗಳ ವ್ಯತ್ಯಾಸ ಇವನ್ನೆಲ್ಲ ಸಂದರ್ಭ ಸಹಿತ ಧ್ವನಿಮುದ್ರಿಸಿ ದಾಖಲಿಸುವ ಕಾರ್ಯ ತುರ್ತಾಗಿ ಆಗಬೇಕಾಗಿದೆ. ತೂಕದ ಯಂತ್ರವಿಲ್ಲದೆ ಇಬ್ಬರು ಹುಡುಗರ ಸರಿಸಮ ಬಲವನ್ನು ಕಣ್ಣಳತೆಯಿಂದ ಹೇಳಬಲ್ಲ ಹಿರಿಯರು ಊರೂರಲ್ಲಿ ಕಡಿಮೆಯಾಗುತ್ತಿದ್ದಾರೆ. ಅವರೊಡನೆ ಕುಳಿತು ಒಂದು ದಿನದ ಎಲ್ಲ ಜೋಡಿಗಳನ್ನೂ, ಅವು ಕೂಡಿದ ಮತ್ತು ಮುರಿದ ಕಾರಣಗಳನ್ನೂ ಬರೆದಿಟ್ಟುಕೊಂಡರೆ, ಕ್ರೀಡಾ ಇಲಾಖೆಯ ಆಯ್ಕೆದಾರರಿಗೂ ಅದು ಉಪಯುಕ್ತ ಪಾಠವಾಗಬಲ್ಲದು.